ಉಕ್ಕಿನ ಮೇಲಿನ ಲೇಪನ ಏಕೆ ಬಿಟ್ಟಿತು: ಮೇಲ್ಮೈ ಒರಟುತನದ ಕಡೆಯಿಂದ ದೋಷ ಪತ್ತೆ

ಲೇಪನ ಎದ್ದು ಬಂದ ಕೂಡಲೇ ವಾದ ಶುರುವಾಗುತ್ತದೆ. ಬಣ್ಣ ಹೊಡೆದವರು ಬ್ಲಾಸ್ಟಿಂಗ್ (ಗ್ರಿಟ್ ಎಂಬ ಗಟ್ಟಿ ಚೂರುಗಳನ್ನು ಒತ್ತಡದ ಗಾಳಿಯಲ್ಲಿ ಹೊಡೆದು ಉಕ್ಕನ್ನು ಶುಚಿ ಮಾಡಿ ಒರಟಾಗಿಸುವುದು) ಸರಿಯಾಗಿಲ್ಲ ಎನ್ನುತ್ತಾರೆ, ಬ್ಲಾಸ್ಟಿಂಗ್ ಮಾಡಿದವರು ಬಣ್ಣವೇ ಸರಿಯಿಲ್ಲ ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು "ಇನ್ನೂ ದಪ್ಪ ಗ್ರಿಟ್ ಹಾಕಿ ಮತ್ತೊಮ್ಮೆ ಹೊಡೆಯಿರಿ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಕೆಲವೊಮ್ಮೆ ಸರಿಹೋಗುತ್ತದೆ. ಬಹಳ ಸಲ ಹಳೆಯ ದೋಷ ಇದ್ದಲ್ಲೇ ಉಳಿದು, ಅದರ ಪಕ್ಕದಲ್ಲಿ ಹೊಸದೊಂದು ಬಂದು ಕೂರುತ್ತದೆ.

ಎಪಾಕ್ಸಿ, ಪಾಲಿಯುರೆಥೇನ್, ಸತುವಿನ ಪ್ರೈಮರ್‌ ಯಾವುದೇ ಇರಲಿ, ಒರಟು ಉಕ್ಕಿನ ಮೇಲೆ ಅದು ಬಾಳಬೇಕಾದರೆ ಎರಡು ಕೆಲಸ ಆಗಿರಬೇಕು: ಬಣ್ಣ ತಗ್ಗುಗಳ ತಳ ಮುಟ್ಟಿರಬೇಕು, ಮೊನೆಗಳ ಮೇಲೆ ಸಾಕಷ್ಟು ದಪ್ಪ ಉಳಿದಿರಬೇಕು. ತಗ್ಗು ತುಂಬದಿದ್ದರೆ ಸಿಪ್ಪೆ ಏಳುವುದು, ಗುಳ್ಳೆ, ಸೂಜಿತೂತಿನಂಥ ಪಿನ್‌ಹೋಲ್. ಮೊನೆ ಮುಚ್ಚದಿದ್ದರೆ ಚುಕ್ಕಿ ಚುಕ್ಕಿಯಾಗಿ ತುಕ್ಕು. ಒರಟುತನಕ್ಕೆ ಸಂಬಂಧಪಟ್ಟ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದರ ಕೆಳಗೆ ಬರುತ್ತವೆ. ಹಾಗಾಗಿ ಗ್ರಿಟ್ ಬದಲಿಸುವ ಮೊದಲು ಯಾವ ಕಡೆ ಕೈಕೊಟ್ಟಿದೆ ಎಂದು ಗೊತ್ತುಮಾಡಿಕೊಳ್ಳಬೇಕು.

ಮೊದಲು ಚಕ್ಕೆ ತಿರುಗಿಸಿ ನೋಡಿ

ಉಪಕರಣಗಳ ಪೆಟ್ಟಿಗೆ ತೆರೆಯುವುದಕ್ಕೂ ಮುಂಚೆ, ಎದ್ದಿರುವ ಲೇಪನದಿಂದ ಒಂದು ಚಕ್ಕೆ ಬಿಡಿಸಿ ಅದರ ಬೆನ್ನನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಬಣ್ಣ ಹಸಿಯಾಗಿದ್ದಾಗ ಹರಿದು ಕೂತದ್ದರಿಂದ ಅಂದಿನ ಉಕ್ಕಿನ ಮೈಯ ಅಚ್ಚು ಅಲ್ಲಿ ಮೂಡಿರುತ್ತದೆ. ಉಕ್ಕು ಆಮೇಲೆ ತುಕ್ಕು ಹಿಡಿದು ಗುರುತು ಸಿಗದಂತಾಗಿದ್ದರೂ ಚಕ್ಕೆಯ ಬೆನ್ನು ಹಾಗೇ ಇರುತ್ತದೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಸಾಕ್ಷ್ಯ ಬೇರೆ ಇಲ್ಲ. ಆದರೂ ಚಕ್ಕೆಗಳನ್ನು ಗುಡಿಸಿ ಎಸೆದ ಮೇಲೆಯೇ ಪರಿಶೀಲನೆಗೆ ಕರೆಯುವವರು ಹೆಚ್ಚು.

ಬೆನ್ನು ನಯವಾಗಿ ಹೊಳೆಯುತ್ತಿದ್ದರೆ ಹಿಡಿದುಕೊಳ್ಳಲು ಮೇಲ್ಮೈಯಲ್ಲಿ ಏನೂ ಇರಲಿಲ್ಲ ಎಂದರ್ಥ. ಒರಟಾದ ಅಚ್ಚು ಸ್ಪಷ್ಟವಾಗಿದ್ದು ಅದಕ್ಕೆ ಬೂದು ಪುಡಿ ಅಂಟಿದ್ದರೆ ಒರಟುತನ ಸಾಕಷ್ಟಿತ್ತು, ಧೂಳು ಅಡ್ಡ ಬಂತು. ನೀಲಿ ಛಾಯೆಯ ಕಪ್ಪು ಹಾಳೆ ತುಣುಕುಗಳು ಅಂಟಿಕೊಂಡಿದ್ದರೆ ಅದು ಮಿಲ್ ಸ್ಕೇಲ್, ಅಂದರೆ ಉಕ್ಕನ್ನು ಬಿಸಿಯಲ್ಲಿ ರೋಲ್ ಮಾಡುವಾಗ ಮೈಮೇಲೆ ಕೂರುವ ಆಕ್ಸೈಡ್ ಪದರ: ಲೇಪನ ಸ್ಕೇಲನ್ನು ಗಟ್ಟಿಯಾಗಿಯೇ ಹಿಡಿದಿತ್ತು, ಸ್ಕೇಲ್ ಉಕ್ಕನ್ನು ಬಿಟ್ಟಿತು. ಅಚ್ಚಿನ ತುದಿಗಳು ಮೊನಚಾಗಿರದೆ ಮೊಂಡಾಗಿ, ನಡುನಡುವೆ ಸಣ್ಣ ಖಾಲಿ ಗುಳಿಗಳು ಕಂಡರೆ ಬಣ್ಣ ತಗ್ಗಿನ ತಳಕ್ಕೆ ಇಳಿಯಲೇ ಇಲ್ಲ, ಅಲ್ಲಿ ಗಾಳಿ ಉಳಿದಿತ್ತು. ಇನ್ನು ಉಕ್ಕಿನ ಮೇಲೆ ಪ್ರೈಮರ್ ಹಾಗೇ ಉಳಿದು ಅದರ ಮೇಲಿನ ಪದರ ಮಾತ್ರ ಬಂದಿದ್ದರೆ ಉಕ್ಕಿನ ಒರಟುತನದ ಚರ್ಚೆ ಅಲ್ಲಿಗೇ ನಿಲ್ಲಿಸಿ. ಅದು ಪದರಗಳ ನಡುವಿನ ಅಂತರದ ಸಮಯಕ್ಕೋ ಮಲಿನತೆಗೋ ಸೇರಿದ್ದು.

ಚಕ್ಕೆ ತಾನಾಗಿ ಬರದಿದ್ದರೆ ಡಾಲಿ ಎಂಬ ಸಣ್ಣ ಲೋಹದ ಬಿಲ್ಲೆ ಅಂಟಿಸಿ ಎಳೆಯುವ ಪರೀಕ್ಷೆ ಮಾಡಬಹುದು, ಐಎಸ್‌ಒ 4624 ಅಥವಾ ಎಎಸ್‌ಟಿಎಂ ಡಿ4541 ಮಾನದಂಡದ ಪ್ರಕಾರ. ಅಲ್ಲಿ ಎಷ್ಟು ಮೆಗಾಪ್ಯಾಸ್ಕಲ್ ಬಂತು ಎನ್ನುವುದಕ್ಕಿಂತ ಎಲ್ಲಿ ಬಿಟ್ಟಿತು ಎನ್ನುವುದು ಮುಖ್ಯ. ಉಕ್ಕು ಮತ್ತು ಮೊದಲ ಪದರದ ನಡುವೆ ಬಿಟ್ಟಿದ್ದರೆ ಮಾತ್ರ ಮೇಲ್ಮೈಯನ್ನು ಅನುಮಾನಿಸಿ. ಪದರದ ಒಳಗೇ ಸೀಳಿದ್ದರೆ, ಅಥವಾ ಅಂಟೇ ಬಿಟ್ಟಿದ್ದರೆ, ಉಕ್ಕಿನ ಹಿಡಿತ ಆ ಅಂಕಿಗಿಂತ ಹೆಚ್ಚೇ ಇದೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಡಾಲಿ ನೇರವಾಗಿ ಮೇಲಕ್ಕೆ ಎಳೆಯುತ್ತದೆ. ತಗ್ಗುದಿಣ್ಣೆಗಳ ಹಿಡಿತ ಹೆಚ್ಚು ಕೆಲಸ ಮಾಡುವುದು ಪಕ್ಕಕ್ಕೆ ಜಾರಿಸುವ ಬಲದ ವಿರುದ್ಧ. ಹಾಗಾಗಿ ಒರಟುತನ ಕಡಿಮೆಯಾದ ಫಲಕ ಡಾಲಿ ಪರೀಕ್ಷೆಯಲ್ಲಿ ಪಾಸಾಗಿ, ಚಾಕುವಿನ ತುದಿಯಿಂದ ಎಬ್ಬಿದಾಗ ಪಟ್ಟಿ ಪಟ್ಟಿಯಾಗಿ ಎದ್ದು ಬರುವುದುಂಟು. ಎರಡನ್ನೂ ಮಾಡಿ. ಸಾಧ್ಯವಾದರೆ ಮಾದರಿ ತುಂಡನ್ನು ಕೆಲವು ದಿನ ನೀರಿನಲ್ಲಿಟ್ಟು ತೆಗೆದ ಮೇಲೂ ಮಾಡಿ. ಒಣಗಿದ್ದಾಗ ಗಟ್ಟಿಯಾಗಿದ್ದ ಹಿಡಿತ ನೀರು ಒಳಗಿಳಿದ ಮೇಲೆ ಎಷ್ಟು ಉಳಿಯುತ್ತದೆ ಎನ್ನುವುದರಲ್ಲೇ ಒಳ್ಳೆಯ ಮೇಲ್ಮೈಗೂ ಸಾಧಾರಣ ಮೇಲ್ಮೈಗೂ ಇರುವ ವ್ಯತ್ಯಾಸ ಬಯಲಾಗುತ್ತದೆ.

ವರದಿಯಲ್ಲಿರುವ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

"ಒರಟುತನ 60 ಮೈಕ್ರಾನ್, ಸರಿಯಿದೆ" ಎಂಬ ವರದಿ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು: ಯಾವ 60? ಆರ್‌ಎ ಎಂದರೆ ಮಧ್ಯರೇಖೆಯಿಂದ ಏರಿಳಿತಗಳ ಸರಾಸರಿ ದೂರ. ಆರ್‌ಝಡ್ ಎಂದರೆ ಅಳೆದ ಉದ್ದದ ತುಂಡುಗಳಲ್ಲಿ ಅತಿ ಎತ್ತರದ ಮೊನೆಯಿಂದ ಅತಿ ಆಳದ ತಗ್ಗಿನವರೆಗಿನ ಅಂತರಗಳ ಸರಾಸರಿ. ಒಂದೇ ಮೇಲ್ಮೈಯಲ್ಲಿ ಆರ್‌ಝಡ್ ಅಂಕಿ ಆರ್‌ಎಗಿಂತ ಹಲವು ಪಟ್ಟು ದೊಡ್ಡದಿರುತ್ತದೆ. ಕೆಲಸದ ಷರತ್ತುಪಟ್ಟಿಯಲ್ಲಿ ಒಂದನ್ನು ಬರೆದು, ಅಂಗಳದಲ್ಲಿ ಇನ್ನೊಂದನ್ನು ಅಳೆದರೆ ಎಲ್ಲರೂ ಪ್ರಾಮಾಣಿಕರಾಗಿದ್ದೂ ಕೆಲಸ ಕೆಡುತ್ತದೆ.

ಆರ್‌ಎ ಅಂಕಿಯೊಂದನ್ನೇ ನಂಬಿ ಲೇಪನ ಹಾಕುವುದು ಸರಾಸರಿ ಆಳ ಕೇಳಿಕೊಂಡು ಹೊಳೆ ದಾಟಿದಂತೆ. ಮೇಲೆ ಚಪ್ಪಟೆಯಾಗಿದ್ದು ಅಲ್ಲಲ್ಲಿ ಆಳದ ಗೀರುಗಳಿರುವ ಮೈ, ತಳ ಚಪ್ಪಟೆಯಾಗಿ ಅಲ್ಲಲ್ಲಿ ಸೂಜಿಯಂತೆ ಮೊನೆ ಎದ್ದಿರುವ ಮೈ, ಎರಡಕ್ಕೂ ಒಂದೇ ಆರ್‌ಎ ಬರಬಹುದು. ಮೊದಲನೆಯದರಲ್ಲಿ ಬಣ್ಣ ಒಳಗಿಳಿಯುವುದು ಕಷ್ಟ, ಎರಡನೆಯದರಲ್ಲಿ ಮೊನೆ ಮುಚ್ಚುವುದು ಕಷ್ಟ. ದೋಷಗಳು ಬೇರೆ, ಪರಿಹಾರಗಳು ಬೇರೆ.

ಎತ್ತರದಷ್ಟೇ ಮುಖ್ಯವಾದದ್ದು ಮೊನೆಗಳ ಸಾಂದ್ರತೆ, ಅಂದರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಮೊನೆಗಳಿವೆ ಎನ್ನುವುದು. ದೊಡ್ಡ ಗ್ರಿಟ್ ಆಳವಾಗಿ, ದೂರ ದೂರಕ್ಕೆ ಹೊಡೆಯುತ್ತದೆ. ಸಣ್ಣದು ಕಡಿಮೆ ಆಳಕ್ಕೆ, ಒತ್ತೊತ್ತಾಗಿ. ಬಣ್ಣ ತಳದವರೆಗೆ ಇಳಿಯುವಷ್ಟು ಜಾಗ ಇರುವವರೆಗೆ ಒತ್ತಾದ ಮೇಲ್ಮೈಯೇ ಹೆಚ್ಚು ಹಿಡಿತ ಕೊಡುತ್ತದೆ, ಏಕೆಂದರೆ ಅಂಟಿಕೊಳ್ಳಲು ಸಿಗುವ ವಿಸ್ತೀರ್ಣ ಹೆಚ್ಚು. ಗೀರು ಬಿದ್ದ ಅಂಚಿನಿಂದ ಲೇಪನದಡಿಯಲ್ಲಿ ತೆವಳುವ ನೀರಿಗೂ ತುಕ್ಕಿಗೂ ಅಲ್ಲಿ ಹಾದಿ ಉದ್ದವಾಗುತ್ತದೆ. ಆಳ ಸಾಲದು ಎನ್ನುವ ದೂರಿಗಿಂತ ಮೊನೆ ಸಾಲದು ಎನ್ನುವ ದೂರು ಕಡಿಮೆ ಕೇಳಿಬರುತ್ತದೆ. ಅದನ್ನು ಅಳೆಯುವವರು ಕಡಿಮೆ ಎಂಬುದೇ ಕಾರಣ ಎಂದು ನನ್ನ ಅನಿಸಿಕೆ.

ಅಂಗಳದಲ್ಲಿ ಸಾಮಾನ್ಯವಾಗಿ ಬಳಸುವುದು ರೆಪ್ಲಿಕಾ ಟೇಪ್: ಮೈಗೆ ಒತ್ತಿ ಉಜ್ಜಿದರೆ ಅದರ ಫೋಮ್ ಒರಟುತನದ ಅಚ್ಚು ತೆಗೆದುಕೊಳ್ಳುತ್ತದೆ, ಆಮೇಲೆ ಟೇಪಿನ ದಪ್ಪ ಅಳೆಯುತ್ತಾರೆ. ಇದರ ಫೋಮ್ ಕೂತಿರುವ ಪಾಲಿಯೆಸ್ಟರ್ ಹಾಳೆಯೇ 50 ಮೈಕ್ರಾನ್ ದಪ್ಪ. ಅದನ್ನು ಕಳೆಯಲು ಮರೆತರೆ ನಯವಾದ ತಗಡು ಕೂಡ ಪಾಸಾಗುತ್ತದೆ. ಕೋರ್ಸ್ ಟೇಪ್ ಸುಮಾರು 20ರಿಂದ 64, ಎಕ್ಸ್-ಕೋರ್ಸ್ ಟೇಪ್ ಸುಮಾರು 38ರಿಂದ 115 ಮೈಕ್ರಾನ್‌ವರೆಗೆ. ತನ್ನ ವ್ಯಾಪ್ತಿಯ ತುದಿಯಲ್ಲಿ ಟೇಪ್ ಕೊಡುವ ಅಂಕಿ ಅಷ್ಟು ನಂಬಲರ್ಹವಲ್ಲ. ಟೇಪಿನ ಮೇಲೆ ಸಾಕಷ್ಟು ಉಜ್ಜದಿದ್ದರೆ ಅಂಕಿ ಕಡಿಮೆ ಬರುತ್ತದೆ, ಮೇಲ್ಮೈಯಲ್ಲಿ ಗ್ರಿಟ್ ಧೂಳು ಉಳಿದಿದ್ದರೆ ತಪ್ಪು ಬರುತ್ತದೆ. ಮೈಯ ಪಕ್ಕದಲ್ಲಿಟ್ಟು ಒರಟುತನ ಹೋಲಿಸುವ ಫಲಕ ಬಳಸುವವರು ಗ್ರಿಟ್ ಫಲಕ, ಶಾಟ್ ಫಲಕ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು. ಶಾಟ್ ಎಂಬ ಗುಂಡು ಹೊಡೆತದ ಮೈ ಬಟ್ಟಲು ಬಟ್ಟಲಾಗಿರುತ್ತದೆ, ಗ್ರಿಟ್ ಎಂಬ ಚೂಪು ಮೂಲೆಗಳ ಚೂರುಗಳ ಹೊಡೆತದ ಮೈ ಮೊನಚಾಗಿರುತ್ತದೆ. ಒಂದರ ಮೈಯನ್ನು ಇನ್ನೊಂದರ ಫಲಕಕ್ಕೆ ಹೋಲಿಸಿದರೆ ಉತ್ತರಕ್ಕೆ ಅರ್ಥವಿಲ್ಲ.

ಹಾಳೆಯಂತೆ ಎದ್ದು ಬರುತ್ತಿದೆ

ಚಕ್ಕೆಯ ಬೆನ್ನು ನಯವಾಗಿದ್ದರೆ ಮೂರು ಕಡೆ ನೋಡಿ. ಮೊದಲನೆಯದು ಕೈಯಂತ್ರಗಳ ಕೆಲಸ. ತಿರುಗುವ ವೈರ್ ಬ್ರಷ್ ತುಕ್ಕನ್ನು ತೆಗೆದಂತೆ ಕಾಣುತ್ತದೆ, ಆದರೆ ಉಳಿದ ಮೊನೆಗಳನ್ನು ಮಡಿಸಿ, ಉಜ್ಜಿ, ಮೈಯನ್ನು ಮಿರಮಿರ ಮಿಂಚುವಂತೆ ಮಾಡುತ್ತದೆ. ಕಣ್ಣಿಗೆ ಸ್ವಚ್ಛ, ಬಣ್ಣಕ್ಕೆ ಜಾರುಬಂಡಿ. ವೆಲ್ಡ್ ಪಕ್ಕದಲ್ಲಿ ಮಾತ್ರ ಲೇಪನ ಪಟ್ಟಿಯಾಗಿ ಏಳುತ್ತಿದ್ದರೆ ಇದನ್ನೇ ಮೊದಲು ಅನುಮಾನಿಸಿ. ನೀಡಲ್ ಗನ್ (ಉಕ್ಕಿನ ಸೂಜಿಗಳಿಂದ ಬಡಿಯುವ ಯಂತ್ರ) ಅಥವಾ ಮೊನೆ ಎಬ್ಬಿಸುವಂಥ ಬ್ರಿಸಲ್ ಯಂತ್ರದಿಂದ ಆ ಜಾಗವನ್ನು ಮತ್ತೆ ಒರಟು ಮಾಡಬಹುದು.

ಎರಡನೆಯದು ಗ್ಯಾಸಿನಿಂದ ಕತ್ತರಿಸಿದ ಅಂಚು. ಜ್ವಾಲೆಯ ಬಿಸಿಗೆ ಅಂಚಿನ ಉಕ್ಕು ಗಟ್ಟಿಯಾಗುತ್ತದೆ. ಪ್ಲೇಟಿನ ಮಧ್ಯದಲ್ಲಿ ಚೆನ್ನಾಗಿ ಕಚ್ಚುವ ಗ್ರಿಟ್ ಅಲ್ಲಿ ಚಿಮ್ಮಿ ವಾಪಸಾಗುತ್ತದೆ. ಬ್ಲಾಸ್ಟಿಂಗ್‌ಗೆ ಮೊದಲೇ ಗ್ರೈಂಡರ್‌ನಿಂದ ಆ ಗಟ್ಟಿ ಪದರವನ್ನು ತೆಗೆದು, ಚೂಪು ಅಂಚನ್ನು ಉರುಟು ಮಾಡಬೇಕು. ಚೂಪು ಅಂಚಿನಿಂದ ಹಸಿ ಬಣ್ಣ ಹಿಂದೆ ಸರಿಯುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಮೂರನೆಯದು ಬ್ಲಾಸ್ಟಿಂಗ್ ವ್ಯವಸ್ಥೆಯೇ. ಒತ್ತಡವನ್ನು ಕಂಪ್ರೆಸರ್ ಬಳಿ ಓದಿದರೆ ಪ್ರಯೋಜನವಿಲ್ಲ. ಉದ್ದದ ಹೋಸ್, ಇಕ್ಕಟ್ಟಾದ ಜೋಡಣೆ, ಸವೆದು ಅಗಲವಾದ ನಾಝಲ್ ಎಲ್ಲವೂ ಅದನ್ನು ತಿನ್ನುತ್ತವೆ. ನಾಝಲ್ ಬಳಿಯೇ ಸೂಜಿ ಮಾಪಕ ಚುಚ್ಚಿ ಸುಮಾರು 7 ಬಾರ್ ಇದೆಯೇ ನೋಡಿ. ಮರುಬಳಕೆಯ ಉಕ್ಕಿನ ಗ್ರಿಟ್ ಆದರೆ ಒಂದು ಹಿಡಿ ತೆಗೆದು ಮಸೂರದಲ್ಲಿ ನೋಡಿ: ಮೂಲೆಗಳು ಸವೆದು ಗೋಲಿಯಂತಾಗಿದ್ದರೆ ಅದು ಹೆಸರಿಗೆ ಮಾತ್ರ ಗ್ರಿಟ್. ಹೊಸ ಗ್ರಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ನಿತ್ಯ ಸೇರಿಸುತ್ತಿದ್ದರೆ ಮಿಶ್ರಣ ಒಂದೇ ಸಮ ಇರುತ್ತದೆ. ಖಾಲಿಯಾದ ಮೇಲೆ ಒಮ್ಮೆಲೇ ಸುರಿದರೆ ವಾರದ ಮೊದಲ ದಿನದ ಮೈ ಒಂದು ಥರ, ಕೊನೆಯ ದಿನದ್ದು ಇನ್ನೊಂದು ಥರ.

ಇಲ್ಲಿ ಬಹಳ ಜನ ನಂಬಿರುವ ಒಂದು ತಪ್ಪನ್ನು ಹೇಳಲೇಬೇಕು. ಅದೇ ಗ್ರಿಟ್‌ನಿಂದ ಹೆಚ್ಚು ಹೊತ್ತು ಹೊಡೆದರೆ ಆಳ ಹೆಚ್ಚುವುದಿಲ್ಲ. ಮೈ ಪೂರ್ತಿ ತುಂಬಿದ ಮೇಲೆ ಹೊಸ ಹೊಡೆತ ಹಳೆಯ ಮೊನೆಯನ್ನೇ ಮುರಿಯುತ್ತದೆ. ಆಳ ಬದಲಾಗಬೇಕಾದರೆ ಗ್ರಿಟ್‌ನ ಗಾತ್ರ, ಗಡಸುತನ, ಒತ್ತಡ, ಇವುಗಳಲ್ಲಿ ಒಂದು ಬದಲಾಗಬೇಕು.

ಒರಟುತನ ಇದೆ, ಆದರೂ ಹಿಡಿದಿಲ್ಲ

ಅಚ್ಚು ಚೆನ್ನಾಗಿದ್ದು ಬೆನ್ನಿಗೆ ಪುಡಿ ಅಂಟಿದ್ದರೆ ಬ್ಲಾಸ್ಟಿಂಗ್ ಆದ ಮೇಲೆ ಗಾಳಿ ಊದಿದ್ದು ಸಾಲದು. ಆಳವಾದ ತಗ್ಗುಗಳಲ್ಲಿ ಸಣ್ಣ ಧೂಳು ಕೂತುಬಿಡುತ್ತದೆ, ಮೆತ್ತಗಿನ ಉಕ್ಕಾದರೆ ಗ್ರಿಟ್ ಆಗಿ ಬಳಸಿದ ಸ್ಲ್ಯಾಗ್ (ಲೋಹ ಕರಗಿಸುವಾಗ ಉಳಿಯುವ ಕಿಟ್ಟ) ಚೂರುಗಳು ಚುಚ್ಚಿಕೊಂಡೇ ಉಳಿಯುತ್ತವೆ. ಐಎಸ್‌ಒ 8502-3ರಲ್ಲಿ ಹೇಳಿದಂತೆ ಅಂಟು ಟೇಪ್ ಒತ್ತಿ, ಎತ್ತಿ, ಬಿಳಿ ಹಾಳೆಯ ಮೇಲೆ ಅಂಟಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಊದುವುದಕ್ಕಿಂತ ವ್ಯಾಕ್ಯೂಮ್ ಹಾಕಿ ಎಳೆಯುವುದು ವಾಸಿ.

ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ದ್ರವ ಮೇಲ್ಮೈಯನ್ನು ಒಪ್ಪಿ ಹರಡುವಂತಿದ್ದರೆ ಒರಟುತನ ಆ ಹರಡುವಿಕೆಯನ್ನು ಹೆಚ್ಚಿಸುತ್ತದೆ, ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಹೆಚ್ಚಿಸುತ್ತದೆ. 1936ರಲ್ಲಿ ರಾಬರ್ಟ್ ವೆನ್ಝೆಲ್ ಸಮೀಕರಣದಲ್ಲಿ ಹಿಡಿದಿಟ್ಟ ವಿಷಯ ಇದು. ಹಾಗಾಗಿ ಜಿಡ್ಡಿರುವ ಮೈಯನ್ನು ಇನ್ನಷ್ಟು ಒರಟು ಮಾಡಿ ಗೆಲ್ಲಲು ಆಗುವುದಿಲ್ಲ. ಜಿಡ್ಡಿನ ಮೇಲೆಯೇ ಬ್ಲಾಸ್ಟಿಂಗ್ ಮಾಡಿದರೆ ಅದು ತಗ್ಗುಗಳೊಳಗೆ ಹರಡುತ್ತದೆ, ಮರುಬಳಕೆಯ ಗ್ರಿಟ್ಟಿಗೂ ಹತ್ತಿ ಮುಂದಿನ ಪ್ಲೇಟಿಗೂ ಹೋಗುತ್ತದೆ. ಒಂದು ಗ್ಲಾಸ್ ನೀರಿಗೆ ಗ್ರಿಟ್ ಹಾಕಿ ಕಲಕಿ. ಮೇಲೆ ಎಣ್ಣೆಯ ಪೊರೆ ತೇಲಿದರೆ ಇಡೀ ಗ್ರಿಟ್ಟನ್ನು ಬದಲಿಸುವುದು ಬಿಟ್ಟರೆ ದಾರಿಯಿಲ್ಲ. ಕಂಪ್ರೆಸರ್ ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಊದಿಸಿ ನೋಡುವುದನ್ನೂ ಮರೆಯಬೇಡಿ.

ಚುಕ್ಕಿ ಚುಕ್ಕಿಯಾಗಿ ತುಕ್ಕು

ಲೇಪನ ಗಟ್ಟಿಯಾಗಿ ಹಿಡಿದಿದೆ, ಎಲ್ಲೂ ಎದ್ದಿಲ್ಲ, ಆದರೆ ತಿಂಗಳುಗಳಲ್ಲೇ ಮೈತುಂಬ ಸೂಜಿಮೊನೆಯಷ್ಟು ಕಂದು ಚುಕ್ಕಿಗಳು. ಇದು ಮೊನೆಗಳ ದೂರು. ವಿಚಿತ್ರವೆಂದರೆ ಇಂಥ ಕೆಲಸದಲ್ಲಿ ದಪ್ಪದ ವರದಿ ಬಹುತೇಕ ಸರಿಯಾಗಿಯೇ ಇರುತ್ತದೆ.

ಕಾರಣ ಮಾಪಕದಲ್ಲಿದೆ. ಕಾಂತೀಯ ದಪ್ಪಮಾಪಕವನ್ನು ನಯವಾದ ತಗಡಿನ ಮೇಲೆ ಸೊನ್ನೆಗೆ ತಂದು ಒರಟು ಮೈಯ ಮೇಲೆ ಇಟ್ಟರೆ, ಅದು ಮೊನೆಯ ತುದಿಯಿಂದ ಅಳೆಯುವುದಿಲ್ಲ, ತುದಿ ಮತ್ತು ತಳದ ನಡುವಿನ ಯಾವುದೋ ಮಟ್ಟದಿಂದ ಅಳೆಯುತ್ತದೆ. ತಗ್ಗಿನಲ್ಲಿ ತುಂಬಿದ ಬಣ್ಣದ ಒಂದು ಭಾಗವೂ ಲೆಕ್ಕಕ್ಕೆ ಸೇರುತ್ತದೆ. ಇದಕ್ಕಾಗಿಯೇ ಐಎಸ್‌ಒ 19840ರಲ್ಲಿ ಕಳೆಯಬೇಕಾದ ತಿದ್ದುಪಡಿ ಕೊಟ್ಟಿದ್ದಾರೆ: ಫೈನ್ ಮೈಗೆ 10, ಮೀಡಿಯಂಗೆ 25, ಕೋರ್ಸ್‌ಗೆ 40 ಮೈಕ್ರಾನ್. ಮಾಪಕ 80 ತೋರಿಸಿದ ಮೀಡಿಯಂ ಮೈಯಲ್ಲಿ ನಿಜವಾದ ಲೆಕ್ಕ 55. ಅದರಲ್ಲೂ ಗುಂಪಿಗಿಂತ ತಲೆಯೆತ್ತಿದ ಮೊನೆಗಳ ಮೇಲೆ ಇನ್ನೂ ಕಡಿಮೆ. ಸತುವಿನ ಪ್ರೈಮರ್ ಒಂದನ್ನೇ ಹಾಕಿ ಬಿಟ್ಟಿದ್ದರೆ, ಅಥವಾ ಎರಡನೇ ಪದರಕ್ಕೆ ಕಾಯುತ್ತ ಬಯಲಲ್ಲಿ ಇಟ್ಟಿದ್ದರೆ, ಈ ಮೊನೆಗಳೇ ಮೊದಲು ತುಕ್ಕು ಹಿಡಿಯುತ್ತವೆ.

ಪರಿಶೀಲನೆ ಸುಲಭ. ಬಣ್ಣವಿಲ್ಲದ ಬ್ಲಾಸ್ಟ್ ಮಾಡಿದ ತುಂಡು ಉಳಿದಿದ್ದರೆ ಅದರ ಮೇಲೆ ಮಾಪಕ ಎಷ್ಟು ತೋರಿಸುತ್ತದೆ ನೋಡಿ, ಅಷ್ಟನ್ನು ಎಲ್ಲ ಅಂಕಿಗಳಿಂದ ಕಳೆಯಿರಿ. ಲೇಪನದ ದಪ್ಪ 500 ಮೈಕ್ರಾನ್‌ಗಿಂತ ಕಡಿಮೆಯಿದ್ದರೆ 67.5 ವೋಲ್ಟ್‌ನ ಒದ್ದೆ ಸ್ಪಂಜ್ ಶೋಧಕದಿಂದ ತೆರೆದುಕೊಂಡಿರುವ ಮೊನೆಗಳನ್ನು ಹುಡುಕಬಹುದು. ಶೋಧಕ ಕೂಗಿದ ಕಡೆಯಲ್ಲೆಲ್ಲ ಬೆರಳಾಡಿಸಿದರೆ ಕೆಲವೊಮ್ಮೆ ಮುಳ್ಳಿನಂತೆ ಚುಚ್ಚುತ್ತದೆ: ರೋಲಿಂಗ್‌ನಲ್ಲಿ ಮಡಚಿಕೊಂಡಿದ್ದ ಲೋಹದ ಸಿಬಿರು ಬ್ಲಾಸ್ಟಿಂಗ್ ಪೆಟ್ಟಿಗೆ ಎದ್ದು ನಿಂತದ್ದು. ಅದನ್ನು ಯಾವ ಪ್ರೈಮರೂ ಮುಚ್ಚುವುದಿಲ್ಲ, ಉಜ್ಜಿ ತೆಗೆಯಬೇಕು.

ಮೈ ಆಗಲೇ ಬೇಕಾದ್ದಕ್ಕಿಂತ ಒರಟಾಗಿದ್ದರೆ ಏನು ಮಾಡುವುದು? ಸಣ್ಣ ಗ್ರಿಟ್‌ನಿಂದ ಮೇಲೆ ಮೇಲೆ ಹೊಡೆದು ಎತ್ತರದ ಮೊನೆಗಳನ್ನು ಸ್ವಲ್ಪ ಇಳಿಸಬಹುದು, ಆದರೆ ಆಳ ಅಷ್ಟೇನೂ ಕಡಿಮೆಯಾಗದು. ಬಣ್ಣ ತಯಾರಕರು ಒಪ್ಪುವ ಮಿತಿಯೊಳಗೆ ಪ್ರೈಮರ್ ದಪ್ಪ ಹೆಚ್ಚಿಸುವುದೇ ಸಾಮಾನ್ಯ ದಾರಿ. ಸತು ಸಿಲಿಕೇಟ್ ಪ್ರೈಮರ್‌ಗೆ ಮಾತ್ರ ಇದನ್ನು ಮಾಡಬೇಡಿ. ದಪ್ಪವಾದರೆ ಒಣಗಿದ ಕೆರೆಯಂಗಳದಂಥ ಬಿರುಕು ಬಿಡುತ್ತದೆ. ಒರಟುತನವನ್ನು ಒಟ್ಟು ಲೇಪನ ದಪ್ಪದ ಮೂರನೇ ಒಂದು ಭಾಗದ ಒಳಗೆ ಇಟ್ಟುಕೊಳ್ಳುವುದು ರೂಢಿಯ ಲೆಕ್ಕ. ಹಡಗಿನ ನಿಲುಭಾರ ತೊಟ್ಟಿಗಳಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2006ರಲ್ಲಿ ನಿಗದಿಪಡಿಸಿದ ಮಾನದಂಡದಲ್ಲಿ 320 ಮೈಕ್ರಾನ್ ಎಪಾಕ್ಸಿಗೆ 30ರಿಂದ 75 ಮೈಕ್ರಾನ್ ಒರಟುತನ ಹೇಳಿರುವುದನ್ನು ನೋಡಿದರೆ ಅನುಪಾತದ ಅಂದಾಜು ಸಿಗುತ್ತದೆ.

ಪಿನ್‌ಹೋಲ್ ಮತ್ತು ಗುಳ್ಳೆ

ಗುಳ್ಳೆ ಎಂದ ಕೂಡಲೇ ಎಲ್ಲವನ್ನೂ ಒಂದೇ ಎಂದುಕೊಳ್ಳಬಾರದು. ಬಣ್ಣ ಹೊಡೆದ ದಿನವೇ ಕಂಡ ಸಣ್ಣ ತೂತು, ಒಡೆದ ಗುಳ್ಳೆಗಳು ಗಾಳಿಯವು. ತಿಂಗಳುಗಳ ಮೇಲೆ ನೀರಿನ ಸಂಪರ್ಕದಲ್ಲಿ ಉಬ್ಬಿದವು ಬಹುತೇಕ ಉಪ್ಪಿನವು.

ಗಾಳಿಯ ಪಿನ್‌ಹೋಲ್ ಬರುವುದು ಆಳವಾದ, ಇಕ್ಕಟ್ಟಾದ ತಗ್ಗಿನ ಮೇಲೆ ಗಟ್ಟಿ ಬಣ್ಣವನ್ನು ಒಂದೇ ಸಲ ದಪ್ಪವಾಗಿ ಹೊಡೆದಾಗ. ಬಣ್ಣ ಬಾಯಿ ಮುಚ್ಚುತ್ತದೆ, ಒಳಗಿನ ಗಾಳಿ ಬಿಸಿಯಾಗಿ ಮೇಲೆ ಬರುತ್ತದೆ, ಅಷ್ಟರಲ್ಲಿ ಬಣ್ಣ ಬಿಗಿದುಕೊಳ್ಳುತ್ತ ತೂತು ಉಳಿಯುತ್ತದೆ. ತೆಳುವಾದ ಮಿಸ್ಟ್ ಕೋಟ್ ಮೊದಲು ಕೊಟ್ಟು, ಅದು ತಗ್ಗಿಗಿಳಿದ ಮೇಲೆ ಪೂರ್ತಿ ಪದರ ಹೊಡೆದರೆ ಬಹುಪಾಲು ನಿಲ್ಲುತ್ತದೆ. ಕೈಯಿಂದ ಹಚ್ಚುವ ಕಡೆ ರೋಲರ್‌ಗಿಂತ ಬ್ರಷ್ ವಾಸಿ, ಅದು ಬಣ್ಣವನ್ನು ತಗ್ಗಿನೊಳಗೆ ತುರುಕುತ್ತದೆ. ಬಿಸಿಲಿಗೆ ಕಾಯುತ್ತಿರುವ ಉಕ್ಕಿಗೆ ಬಣ್ಣ ಹೊಡೆಯುವುದನ್ನೂ ತಪ್ಪಿಸಿ.

ಉಪ್ಪಿನ ಗುಳ್ಳೆಯನ್ನು ಒಡೆದರೆ ಒಳಗೆ ದ್ರವ ಇರುತ್ತದೆ. ತುಕ್ಕು ತಿಂದು ಗುಳಿ ಬಿದ್ದ ಹಳೆಯ ಉಕ್ಕಿನಲ್ಲಿ ಗುಳಿಯ ತಳದಲ್ಲಿ ಕ್ಲೋರೈಡ್ ಕೂತಿರುತ್ತದೆ, ಲೇಪನ ದಾಟಿ ಬರುವ ನೀರನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ಒಣ ಬ್ಲಾಸ್ಟಿಂಗ್ ಮೈಯನ್ನು ಎಸ್‌ಎ 2½ ಎಂಬ ಶುಚಿತ್ವದ ಮಟ್ಟಕ್ಕೆ ಬೆಳ್ಳಗೆ ಮಾಡಬಹುದು, ಆದರೆ ಗುಳಿಯ ತಳದ ಉಪ್ಪನ್ನು ಪೂರ್ತಿ ತೆಗೆಯುವುದಿಲ್ಲ. ಕೆಲವೊಮ್ಮೆ ಇನ್ನೂ ಒಳಕ್ಕೆ ಬಡಿಯುತ್ತದೆ. ಬ್ಲಾಸ್ಟ್ ಆದ ಮೈ ಕೆಲವೇ ಗಂಟೆಗಳಲ್ಲಿ ಗುಳಿಯಿರುವ ಕಡೆಯಲ್ಲೇ ಮೊದಲು ಕಪ್ಪಾಗಿ ತಿರುಗಿದರೆ ಅದೇ ಸೂಚನೆ. ಬ್ರೆಸ್ಲ್ ಪಟ್ಟಿ (ಮೈಮೇಲಿನ ಉಪ್ಪನ್ನು ನೀರಿಗೆ ಇಳಿಸಿಕೊಳ್ಳುವ ಅಂಟುಪಟ್ಟಿ) ಅಂಟಿಸಿ ಆ ನೀರಿನ ವಾಹಕತೆ ಅಳೆಯಿರಿ, ಅದೂ ಗುಳಿಯಿರುವ ಜಾಗದಲ್ಲಿ. ನಯವಾದ ಜಾಗ ಆರಿಸಿ ಪಾಸು ಮಾಡಿಸುವುದು ಎಲ್ಲರಿಗೂ ಗೊತ್ತಿರುವ ಹಳೆಯ ಆಟ. ಮೇಲೆ ಹೇಳಿದ ಕಡಲ ಮಾನದಂಡದ ಮಿತಿ ಪ್ರತಿ ಚದರ ಮೀಟರ್‌ಗೆ 50 ಮಿಲಿಗ್ರಾಂ, ಸೋಡಿಯಂ ಕ್ಲೋರೈಡ್ ಲೆಕ್ಕದಲ್ಲಿ. ಮೀರಿದ್ದರೆ ಹೆಚ್ಚಿನ ಒತ್ತಡದ ಶುದ್ಧ ನೀರಿನಿಂದ ತೊಳೆದು, ಒಣಗಿಸಿ, ಮತ್ತೆ ಬ್ಲಾಸ್ಟ್ ಮಾಡಿ, ಮತ್ತೆ ಅಳೆಯಿರಿ.

ದುರಸ್ತಿ ಮಾಡುವಾಗ

ಕೆಟ್ಟ ಜಾಗವನ್ನು ಮಾತ್ರ ತೆಗೆದು ಸರಿಪಡಿಸುವುದಾದರೆ, ಚಾಕುವಿಗೆ ಏಳದಷ್ಟು ಗಟ್ಟಿ ಲೇಪನ ಸಿಗುವವರೆಗೆ ಅಂಚನ್ನು ಹಿಂದಕ್ಕೆ ಸರಿಸಿ, ಇಳಿಜಾರಾಗಿ ಉಜ್ಜಿ. ಇದನ್ನು ಬ್ಲಾಸ್ಟಿಂಗ್ ಆದ ಮೇಲೆ ಮಾಡಿದರೆ ಸ್ಯಾಂಡರ್ ಉಕ್ಕಿನ ಮೊನೆಗಳನ್ನೂ ಸವರಿಬಿಡುತ್ತದೆ. ತೇಪೆಯ ಸುತ್ತ ಉಂಗುರದಂತೆ ಮತ್ತೆ ಲೇಪನ ಏಳುವುದು ಇದರಿಂದಲೇ. ಉಜ್ಜುವುದು ಮೊದಲು, ಒರಟು ಮಾಡುವುದು ಆಮೇಲೆ. ಬಣ್ಣ ಹೊಡೆಯುವಾಗ ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಲಿ, ಏಕೆಂದರೆ ಕಣ್ಣಿಗೆ ಕಾಣದ ತೇವವೂ ಮೊದಲು ಸೇರುವುದು ತಗ್ಗುಗಳಲ್ಲೇ. ತೇಪೆ ಪೂರ್ತಿ ಗಟ್ಟಿಯಾದ ಮೇಲೆ ಅದರ ನಡುವೆ ಒಂದು, ಹಳೆ ಲೇಪನದೊಡನೆ ಸೇರುವ ಅಂಚಿನ ಮೇಲೆ ಒಂದು ಡಾಲಿ ಅಂಟಿಸಿ ಎಳೆಯಿರಿ. ಅಂಚಿನದು ಉಕ್ಕಿನಿಂದಲೇ ಬಿಟ್ಟು ಬಂದರೆ ತೇಪೆಯನ್ನು ಇನ್ನೂ ಹೊರಕ್ಕೆ ಬಿಚ್ಚಬೇಕು.